ನಮ್ಮ ಮಾತು ನಂಬದ ಸಿಸ್ಟರ್‌ಗೆ

ಸೆಲ್ವಿ ಸಿಸ್ಟರ್,

ನೀವು ತೀರಿಕೊಂಡ ಸುದ್ದಿಯನ್ನು ಹೋದ ವಾರ ಕೆಲಮಂಗಲದ ಬಸ್ಸಿನಲ್ಲಿ ನಿಮ್ಮ ವಾರ್ಡಿನ ಆಯಾ ಹೇಳಿದರು. ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ಕೇಳಿದ ಕೂಡಲೇ ನನಗೆ ಅಳು ಬರಲಿಲ್ಲ. ಇನ್ನು ನನ್ನನ್ನು ಯಾರೂ ಆ ಪ್ರಶ್ನೆ ಕೇಳುವುದಿಲ್ಲ ಎಂದು ನೆಮ್ಮದಿಯಾಯಿತು. ಆಮೇಲೆ ಆ ನೆಮ್ಮದಿಯ ಮೇಲೇ ಅನುಮಾನ ಬಂತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಎದುರಿಗೆ ನಿಂತರೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹುಣಸೆ ಮರದಿಂದ ಬಿದ್ದ ಮಂಜುನಾಥನ ತಂಗಿ ರತ್ನ ಎಂದರೆ ನಿಮಗೆ ಗೊತ್ತಾಗುವುದಿಲ್ಲ. ಮರ ಎಂದು ನಾವು ಹೇಳಲೇ ಇಲ್ಲವಲ್ಲ. ಮನೆ ಮುಂದೆ ಜಾರಿ ಬಿದ್ದವನ ತಂಗಿ ಎಂದರೆ ನೆನಪಾಗಬಹುದು.

ಆ ಬೆಳಿಗ್ಗೆ ನಾವು ಸೂಳಗಿರಿ ಹತ್ತಿರ ದೊಡ್ಡ ರಸ್ತೆಯ ಪಕ್ಕದಲ್ಲಿದ್ದೆವು. ರಸ್ತೆಯ ಮರಗಳ ಹುಣಸೆಹಣ್ಣನ್ನು ಹರಾಜಿನಲ್ಲಿ ಹಿಡಿದವರು ಬೇರೆಯವರು. ಅವರು ಬರುವ ಮೊದಲು ನಾಲ್ಕು ಕೊಂಬೆ ಉದುರಿಸಿಕೊಳ್ಳೋಣ ಎಂದು ಮುನಿಯಪ್ಪ ಮಾವ ಅಣ್ಣನನ್ನು ಹತ್ತಿಸಿದ. ನಾನು ಕೆಳಗೆ ಆರಿಸುತ್ತಿದ್ದೆ. ಕೊಂಬೆ ಮುರಿದ ಸದ್ದು ಮೊದಲು ಬಂತೋ, ಅಣ್ಣ ಮೊದಲು ಬಂದನೋ... ಅವನಿಗೆ ಎಚ್ಚರವಿರಲಿಲ್ಲ. ಎಡಗಿವಿಯಿಂದ ರಕ್ತ ಬರುತ್ತಿತ್ತು, ಮಾವ ಅದಕ್ಕೆ ಹತ್ತಿ ತುರುಕಿದ. ಹೊಸೂರಿಗೆ ಹೊರಟ ಟೆಂಪೋದಲ್ಲಿ ಅಣ್ಣ ಕಣ್ಣು ಬಿಟ್ಟ, ಎರಡು ಸಲ ವಾಂತಿ ಮಾಡಿದ. ನಾನು ಟವಲಿನಿಂದ ಒರೆಸಿದೆ. ಮಾವ ಆ ಟವಲನ್ನು ಕಿತ್ತುಕೊಂಡು ಹೊರಗೆ ಎಸೆದ.

“ಮರ ಅನ್ಬೇಡ, ಜ್ಞಾನ ತಪ್ಪಿತ್ತು ಅನ್ಬೇಡ, ವಾಂತಿ ಅನ್ಬೇಡ. ಒಂದು ಹೇಳುದ್ರೆ ಎಲ್ಲಾ ಕೆದುಕ್ತಾರೆ. ಪೊಲೀಸ್ ಕೇಸ್ ಮಾಡ್ಬುಡ್ತಾರೆ, ಕಳ್ಳತನ ಅಂತಾರೆ ಕಣೆ. ಮನೆ ಮುಂದೆ ಜಾರ್ಬುಟ್ಟ, ಅಷ್ಟೇ.”

“ಅಣ್ಣ ಮಾತಾಡ್ತಾವ್ನಲ್ಲ ಮಾವ, ಏನಾಗಲ್ಲ ಅಲ್ವಾ?”

“ನೀನು ಬಾಯಿ ಮುಚ್ಕೊಂಡಿದ್ರೆ ಏನೂ ಆಗಲ್ಲ.”

ಹೊಸೂರಿನ ಆಸ್ಪತ್ರೆಯಲ್ಲಿ ನೀವು ಡಾಕ್ಟರ ಹತ್ತಿರ ತಮಿಳು, ಆಯಾ ಹತ್ತಿರ ತೆಲುಗು, ನಮ್ಮ ಹತ್ತಿರ ಕನ್ನಡ ಮಾತಾಡಿದ್ದು ನೋಡಿ ನನಗೆ ಭಯವಾಯಿತು. ಇಂಥವರ ಮುಂದೆ ಯಾವ ಗುಟ್ಟು ನಿಲ್ಲುತ್ತದೆ? ಎಲ್ಲಿಂದ ಬಿದ್ದ, ಎಷ್ಟು ಹೊತ್ತು ಎಚ್ಚರ ಇರಲಿಲ್ಲ ಎಂದು ಕೇಳಿದಿರಿ. ಎಲ್ಲಕ್ಕೂ ಮಾವನೇ ಉತ್ತರ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದಿರಿ.

“ನೀನು ಹೇಳಮ್ಮ, ವಾಂತಿ ಮಾಡಿದ್ನಾ?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನೀವು ಬರೆದುಕೊಂಡಿರಿ. ಕಿವಿಯ ಹತ್ತಿ ತೆಗೆದು, ಏನನ್ನೂ ತುರುಕದೆ, ಹೊರಗೆ ಬಿಳಿ ಬಟ್ಟೆ ಇಟ್ಟು ಅದಕ್ಕೆ ಹತ್ತಿದ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದಿರಿ. ಒಂದು ತೊಟ್ಟು ನೀರೂ ಕುಡಿಸಬಾರದು ಎಂದಿರಿ. ಕುತ್ತಿಗೆ ಅಲುಗದಂತೆ ಮೂವರು ಹಿಡಿದು ಅವನನ್ನು ಮಗ್ಗುಲಿಗೆ ಮಲಗಿಸಿ, ಬಾಯಿಯ ಹತ್ತಿರ ಬೇಸಿನ್ ಇಟ್ಟಿರಿ. ವಾಂತಿಯೇ ಆಗಿಲ್ಲ ಎಂದ ಮೇಲೂ ಬೇಸಿನ್ ಯಾಕೆ? ಆಗಲೇ ನನಗೆ ಗೊತ್ತಾಯಿತು, ನೀವು ನನ್ನನ್ನು ನಂಬಿಲ್ಲ.

ಅರ್ಧ ಗಂಟೆಗೊಮ್ಮೆ ಬಂದು ಅವನನ್ನು ಎಬ್ಬಿಸುತ್ತಿದ್ದಿರಿ. ಕಣ್ಣಿಗೆ ಟಾರ್ಚ್ ಬಿಡುವುದು, ಉಗುರು ಒತ್ತುವುದು, ನನ್ನ ಬೆರಳು ಹಿಚುಕು ಎನ್ನುವುದು. ಮಾವ ನನ್ನ ಕಿವಿಯಲ್ಲಿ, “ಬಾಯ್ಬಿಡಿಸ್ತಾವ್ಳೆ ನೋಡು. ನಿದ್ದೆಗಣ್ಣಲ್ಲಿ ಮರ ಅಂದ್ಬುಟ್ರೆ ಮುಗೀತು” ಎಂದ. ನಾನೂ ಹಾಗೇ ಅಂದುಕೊಂಡೆ ಸಿಸ್ಟರ್.

“ಹೆಸರೇನಪ್ಪಾ?” ಎಂದು ಎರಡನೇ ಸಲ ಕೇಳಿದಾಗ ಅಣ್ಣ ಕಣ್ಣು ಮುಚ್ಚಿಕೊಂಡೇ, “ಮಂಜ. ಆಗ್ಲೇ ಹೇಳಿವ್ನಲ್ಲ ಸಿಸ್ಟ್ರೇ, ಬರ್ಕೊಂಡಿದ್ದು ಅಳಿಸೋಯ್ತಾ?” ಎಂದ. ನೀವು ನಕ್ಕುಬಿಟ್ಟಿರಿ. ನನಗೆ ಸ್ವಲ್ಪ ಧೈರ್ಯ ಬಂತು.

“ಮಲಗ್ಲಿ ಬಿಡಿ ಸಿಸ್ಟರ್, ಸುಸ್ತಾಗವ್ನೆ” ಎಂದೆ.

“ಅದು ನಿದ್ದೆನೋ ಬೇರೆ ಏನೋ, ಎಬ್ಬಿಸ್ದೆ ಹೆಂಗಮ್ಮ ಗೊತ್ತಾಗುತ್ತೆ?”

ಮೂರನೇ ಸಲ ನನ್ನನ್ನು ತೋರಿಸಿ “ಇವಳು ಯಾರು?” ಎಂದಿರಿ. ಅಣ್ಣ ನನ್ನನ್ನೇ ನೋಡುತ್ತಾ “ಅವ್ವ” ಎಂದ. ಅವ್ವ ಸತ್ತು ಎಷ್ಟೋ ವರ್ಷವಾಗಿತ್ತು.

“ತಮಾಷೆ ಮಾಡ್ತಾವ್ನೆ, ಮೊದ್ಲಿಂದ್ಲೂ ಹಂಗೇ ಅವ್ನು” ಎಂದು ಮಾವ ನಕ್ಕ. ಈ ಸಲ ನೀವು ನಗಲಿಲ್ಲ. ಅವನ ಎರಡೂ ಕೈ ಹಿಡಿದಿರಿ. ಎಡಗೈ ಹಿಚುಕಿತು, ಬಲಗೈ ಸುಮ್ಮನೆ ಬಿದ್ದಿತ್ತು. ಟಾರ್ಚ್ ಬಿಟ್ಟಿರಿ. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿದ್ದದ್ದು ನನಗೂ ಕಂಡಿತು. ನೀವು ಡಾಕ್ಟರನ್ನು ಕೂಗುತ್ತಾ ಓಡಿದಿರಿ. ಆಂಬುಲೆನ್ಸ್, ಬೆಂಗಳೂರು, ಸಂಜೆಯೊಳಗೆ ಆಪರೇಷನ್. ತಲೆಯೊಳಗೆ ಹೆಪ್ಪುಗಟ್ಟಿದ್ದ ರಕ್ತ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಅಲ್ಲಿಯ ಡಾಕ್ಟರು ಕೈ ಆಡಿಸಿದರು.

ಹೊಲಿಗೆ ಬಿಚ್ಚಿಸಲು ನಿಮ್ಮ ಆಸ್ಪತ್ರೆಗೆ ಬಂದ ದಿನ ನೀವು ನನ್ನನ್ನು ಪಕ್ಕಕ್ಕೆ ಕರೆದಿರಿ. “ಈಗ್ಲಾದ್ರೂ ಹೇಳು. ನಿಜವಾಗ್ಲೂ ವಾಂತಿ ಆಗಿರ್ಲಿಲ್ವಾ? ನಾನು ನಿಮ್ಮ ಮಾತು ನಂಬಿ ಕೂತಿದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದಿರಿ. ಬಾಗಿಲಲ್ಲಿ ಮಾವ ನಿಂತಿದ್ದ. ನಾನು ಮತ್ತೆ ಇಲ್ಲ ಎಂದೆ. ಆ ಎರಡನೇ ಸುಳ್ಳು ಯಾಕೆ ಹೇಳಿದೆನೋ ಇವತ್ತಿಗೂ ತಿಳಿಯದು. ಮಾವನ ಭಯವೋ, ಮೊದಲ ಸುಳ್ಳಿನ ಭಯವೋ?

ನಿಮಗೆ ಪೊಲೀಸರಿಗಿಂತ ಹೆಚ್ಚು ಅನುಮಾನವಿತ್ತು. ನಮ್ಮ ಮೇಲೆ, ಅಣ್ಣನ ನಿದ್ದೆಯ ಮೇಲೆ, ಅವನ ತಮಾಷೆಯ ಮೇಲೂ. ಅಷ್ಟು ಅನುಮಾನ ಪಟ್ಟಿದ್ದಕ್ಕೇ ಅವನು ಬದುಕಿದ. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ನಾನು ಮೊದಲ ಸಲವೇ ಹೌದು ಎಂದಿದ್ದರೆ ಆಗಲೇ ಕಳಿಸಿಬಿಡುತ್ತಿದ್ದಿರಾ? ಕೈ ಉಳಿಯುತ್ತಿತ್ತಾ? ಕೇಳಬೇಕೆಂದು ನಿಮ್ಮ ಆಸ್ಪತ್ರೆಯ ಗೇಟಿನವರೆಗೆ ಎಷ್ಟು ಸಲ ಬಂದು ಹಿಂದಿರುಗಿದೆನೋ...

ಇನ್ನೊಂದು ಸಂಗತಿ ನಿಮಗೆ ಗೊತ್ತಿಲ್ಲ. ಅಣ್ಣನಿಗೆ ಆ ದಿನದ ಏನೂ ನೆನಪಿಲ್ಲ. ಮಾವ ಹೇಳಿದ್ದೇ ಅವನಿಗೆ ನೆನಪು. “ಆ ಸಿಸ್ಟ್ರು ಟಾರ್ಚ್ ಬಿಟ್ಕೊಂಡು ಹೊತ್ತು ಕಳೆದ್ಲು, ಅದಕ್ಕೇ ಕೈ ಹೋಯ್ತು” ಎಂದು ಅಣ್ಣ ಊರಿಗೆಲ್ಲಾ ಹೇಳಿದ್ದಾನೆ. ಐದು ವರ್ಷ ನಾನು ಅದನ್ನು ಕೇಳಿಕೊಂಡು ಸುಮ್ಮನಿದ್ದೆ. ರಸ್ತೆ ಅಗಲ ಮಾಡುವಾಗ ಆ ಮರ ಕಡಿದ ಮೇಲಂತೂ ಮಾವ ನಾನೊಬ್ಬಳೇ ಇರುವಾಗ, “ಮರಾನೇ ಇಲ್ಲ, ಇನ್ಯಾವ ಸಾಕ್ಷಿ?” ಎಂದು ನಗುತ್ತಾನೆ.

ಬಸ್ಸಿನಲ್ಲಿ ಕೇಳಿದ ಸುದ್ದಿಯನ್ನು ಅಣ್ಣನಿಗೆ ಹೇಳಿದೆ. ಅವನು ಈಗ ಮಾವಿನ ರಸದ ಫ್ಯಾಕ್ಟರಿಯಲ್ಲಿ ವಾಚ್‌ಮನ್. ಎಡಗೈಯಲ್ಲಿ ಊಟ ಮಾಡುತ್ತಿದ್ದವನು ತಲೆ ಎತ್ತದೆ, “ಹೋಗ್ಲಿ ಬಿಡು, ನನ್ ಕೈ ತಿಂದೋಳು” ಎಂದ.

ಆಗ ಹೇಳಿಬಿಟ್ಟೆ ಸಿಸ್ಟರ್. ಮರ, ಟವಲು, ವಾಂತಿ, ಎಲ್ಲಾ.

“ಅವ್ರು ನಿನ್ನ ಕೇಳಿದ್ರಾ?”

“ಕೇಳಿದ್ರು.”

“ಎಷ್ಟೊತ್ತು ಮುಚ್ಚಿಟ್ಟಿದ್ದೆ?”

ಸ್ವಲ್ಪ ಹೊತ್ತು ಎನ್ನಬಹುದಿತ್ತು. “ಒಂದು ಗಂಟೆ ಮೇಲೆ” ಎಂದೆ. ಅವನು ತಟ್ಟೆ ತಳ್ಳಿ ಎದ್ದು ಹೋದ. ಯೂನಿಫಾರಂ ಷರ್ಟಿನ ಗುಂಡಿಯನ್ನು ದಿನಾ ನಾನೇ ಹಾಕಬೇಕು. ಮೂರು ದಿನ ಗುಂಡಿ ಹಾಕದೆಯೇ ಡ್ಯೂಟಿಗೆ ಹೋದ.

ಇವತ್ತು ಬೆಳಿಗ್ಗೆ ಬಂದು ನನ್ನೆದುರು ನಿಂತ. ನಾನು ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತಿದ್ದೆ.

“ಭಾನುವಾರ ಮಾವ ಬತ್ತಾನೆ. ಅವನ ಮುಂದೆ ಹೇಳ್ತೀಯಾ? ಇಲ್ಲ ತಲೆ ಅಲ್ಲಾಡಿಸ್ತೀಯಾ?”

“ಹೇಳ್ತೀನಿ ಅಣ್ಣ.”

ಅವನು ನಂಬಿದ ಹಾಗೆ ಕಾಣಲಿಲ್ಲ. ನೀವೂ ನಂಬುವುದು ಬೇಡ. ಭಾನುವಾರ ಆಗಲಿ, ಸಿಸ್ಟರ್.

ರತ್ನ