ಮುಟ್ಟಬೇಡಿ ಎಂದು ಬರೆದ ಪೆಟ್ಟಿಗೆ

ಅಂಗಡಿಯ ಮೇಲಿನ ಮನೆ,
ಗುರುವಾರ, ಬೆಳಗಿನ ಹೊತ್ತು

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವ ಜಾತಿಯಲ್ಲ ಅವಳು, ನೀನಾದರೂ ಹೇಳು. ದೊಡ್ಡವನ ಕೆಮ್ಮು ನಿಂತಿತೇ? ಚಿಕ್ಕವಳು ಈಗಲೂ ತಟ್ಟೆಯ ಪಕ್ಕದಲ್ಲಿ ಪುಸ್ತಕ ಬಿಡಿಸಿಕೊಂಡೇ ಉಣ್ಣುತ್ತಾಳಾ? ನಿನ್ನ ಆರೋಗ್ಯವನ್ನು ಮಾತ್ರ ನಾನು ಕೇಳುವುದಿಲ್ಲ. ಕ್ಯಾಮೆರಾ, ತಂತಿ ಹಾಕಿಕೊಡುವ ನಮ್ಮ ಅಂಗಡಿಯ ಬೀಗದಕೈಯನ್ನು ಕೌಂಟರಿನ ಮೇಲೆ ಎಸೆದು ಹೋದವನ ತೋಳಿನಲ್ಲಿ ಶಕ್ತಿಗೇನೂ ಕೊರತೆ ಇರಲಿಲ್ಲ, ಗಾಜು ಬಿಟ್ಟ ಬಿರುಕು ಇನ್ನೂ ಹಾಗೇ ಇದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ತಲೆ ನರೆತ ಗಂಡಸು ಮುನಿಸಿಕೊಂಡು ಕೂತರೆ ನೋಡುವುದಕ್ಕೆ ಎಷ್ಟು ಅಸಹ್ಯ ಗೊತ್ತಾ? ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನೀನು ಮೂಲೆಗೆ ಬಿಸಾಡಿದರೂ ನಿನ್ನ ಹೆಂಡತಿ ಒಡೆದು ಓದುತ್ತಾಳೆ.

ಮೊದಲು ಒಳ್ಳೆಯ ಸುದ್ದಿ. ನನ್ನ ಮಗಳಿಗೆ, ನಮ್ಮ ಹುಡುಗಿಗೆ, ಹೆಣ್ಣುಮಗು ಹುಟ್ಟಿದೆ. ನೀನು ಅಜ್ಜ ಆದೆ, ಇನ್ನಾದರೂ ಅಜ್ಜನ ಹಾಗೆ ನಡೆದುಕೊಳ್ಳುವುದನ್ನು ಕಲಿ. ಮಗು ತಿಂಗಳು ತುಂಬುವ ಮೊದಲೇ ಅವಸರ ಮಾಡಿಕೊಂಡು ಬಂದುಬಿಟ್ಟಿತು. ಅಂಗೈಯಗಲ ಇದೆ, ಆದರೆ ಸಿಟ್ಟು ಮಾತ್ರ ನಿನ್ನದೇ. ನೀನು ತಂತಿ ಎಳೆದು ಕೊಟ್ಟ ಆಸ್ಪತ್ರೆಯಲ್ಲೇ ಇದ್ದಾರೆ ಇಬ್ಬರೂ. ಮಗು ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಮೇಲಿನ ಕೋಣೆಯಲ್ಲಿ. ಹೊಲಿಗೆ ಹಾಕಿದ್ದಾರೆ, ಅವಳು ಇಳಿದು ಬರುವ ಹಾಗಿಲ್ಲ. ಮಂಚದ ಎದುರಿನ ಗೋಡೆಯ ಟಿವಿಯಲ್ಲಿ ಮಗುವನ್ನು ನೋಡಿಕೊಂಡು ಮಲಗಿರುತ್ತಾಳೆ.

ಆ ಟಿವಿಯದೇ ರಾಮಾಯಣ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನಿನ್ನ ಹೆಂಡತಿಗೂ ತಿಳಿಯಲಿ ಅಂತ. ಅಂಗಡಿಯ ಸಾಮಾನಿನ ಜೊತೆ ಬರುವ ಕೈಪಿಡಿ ಓದಿ ಓದಿ ಕಲಿತವಳು ನಾನು, ತಪ್ಪಿದ್ದರೆ ಆಮೇಲೆ ತಿದ್ದು. ಒಂದೊಂದು ಮಗುವಿನ ಮೇಲೆ ಒಂದೊಂದು ಕ್ಯಾಮೆರಾ. ಅಮ್ಮನ ಕೋಣೆ, ಅಪ್ಪ ಕೂರುವ ಜಾಗ, ದಾದಿಯರ ಮೇಜು, ಎಲ್ಲಿ ಯಾರಿಗೆ ಯಾವ ಮಗುವಿನ ಚಿತ್ರ ಬೇಕೋ ಅವರ ಟಿವಿ ‘ನನಗೆ ಇದು ಬೇಕು’ ಅಂತ ಸ್ವಿಚ್ಚಿಗೆ ಹೇಳುತ್ತದೆ. ದೀಪದ ಸ್ವಿಚ್ಚಲ್ಲ, ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಸ್ವಿಚ್ಚು ಅದನ್ನು ಕೇಳಿಸಿಕೊಂಡು, ಬೇಕೆಂದವರ ತಂತಿಗೆ ಮಾತ್ರ ಆ ಚಿತ್ರ ಬಿಡುತ್ತದೆ. ಮಲ್ಟಿಕಾಸ್ಟ್ ಅಂದರೆ ಇಷ್ಟೇ. ಆದರೆ ಸ್ವಿಚ್ಚು ಭಾರಿ ಮರೆಗುಳಿ. ‘ಯಾರಿಗೆ ಬೇಕು, ಇನ್ನೂ ಬೇಕಾ?’ ಅಂತ ಒಬ್ಬ ಆಗಾಗ ಕೂಗಿ ಕೇಳುತ್ತಲೇ ಇರಬೇಕು. ಅವನು ಕೇಳಿದಾಗ ಟಿವಿಗಳು ‘ಬೇಕು, ಬೇಕು’ ಅನ್ನುತ್ತವೆ, ಸ್ವಿಚ್ಚಿಗೆ ನೆನಪು ಉಳಿಯುತ್ತದೆ. ಕೇಳುವವನೇ ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೆ, ಓಹೋ ಯಾರಿಗೂ ಬೇಡವಾಯಿತು ಅಂದುಕೊಂಡು ಚಿತ್ರ ನಿಲ್ಲಿಸಿಬಿಡುತ್ತದೆ. ಆ ಕೇಳುವವನೂ ಒಂದು ಯಂತ್ರವೇ, ಅದಕ್ಕೆ ನಮ್ಮ ಅಂಗಡಿಯಲ್ಲಿ ಕೇಳಣ್ಣ ಅಂತ ಹೆಸರಿಟ್ಟವನು ನೀನೇ.

ಈಗ ನಮ್ಮ ಅಳಿಯದೇವರ ಪ್ರವೇಶ. ನೀನು ಅಂಗಡಿ ಬಿಟ್ಟ ದಿನ ‘ಮಾವ, ಇನ್ಮೇಲೆ ಎಲ್ಲ ತಾನಾಗೇ ಆಗುತ್ತೆ, ನೀವು ಆರಾಮಾಗಿರಿ’ ಅಂದನಲ್ಲ, ಅದೇ ಬಾಯಿ. ಅದೇ ಇಸ್ತ್ರಿ ಅಂಗಿ, ಜೇಬಿಗೆ ಸಿಕ್ಕಿಸಿದ ಅದೇ ಎರಡು ಪೆನ್ನು. ಒಂದರಲ್ಲೂ ಬರೆದದ್ದನ್ನು ನಾನು ಕಂಡಿಲ್ಲ. ಮಗು ಹುಟ್ಟಿದ ಮಾರನೆಯ ದಿನ ಹೆಂಡತಿಯ ಕೋಣೆಗೆ ಬಂದು, ಟಿವಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಛೇ, ನನ್ನ ಮಗಳ ಮುಖ ಇಷ್ಟು ಮಸುಕಾ?’ ಅಂದ. ಅಷ್ಟಕ್ಕೇ ಸುಮ್ಮನಿರುವ ಪ್ರಾಣಿಯೇ ಅದು? ಅಂಗಡಿಯಲ್ಲಿದ್ದ ಹೊಸ ಸ್ವಿಚ್ಚುಗಳನ್ನು ಹೊತ್ತು ತಂದು ಆಸ್ಪತ್ರೆಯ ತಂತಿ ಕಪಾಟಿನಲ್ಲಿದ್ದ ಹಳೆಯದನ್ನೆಲ್ಲ ಕಿತ್ತ. ಮೂಲೆಯಲ್ಲಿ ನಿನ್ನದೊಂದು ಹಳೇ ರೌಟರ್, ಮೈತುಂಬ ಧೂಳು, ಹಣೆಯ ಮೇಲೆ ‘ಮುಟ್ಟಬೇಡಿ’ ಅಂತ ಚೀಟಿ. ‘ಅತ್ತೆ, ಇದಕ್ಕೆ ಒಂದು ಕ್ಯಾಮೆರಾನೂ ಸೇರಿಸಿಲ್ಲ, ಒಂದು ಟಿವಿನೂ ಸೇರಿಸಿಲ್ಲ, ಸುಮ್ಮನೆ ಕರೆಂಟು ತಿಂತಾ ಕೂತಿದೆ’ ಅಂತ ನನಗೆ ತೋರಿಸಿ ನಕ್ಕ. ಕಿತ್ತು ತಂದು ಅಂಗಡಿಯ ಗುಜರಿ ಬುಟ್ಟಿಗೆ ಹಾಕಿದ. ಕೇಳುವ ಕೆಲಸ ಯಾವುದೋ ಸ್ವಿಚ್ಚಿನದು ಅಂದುಕೊಂಡಿದ್ದೆ ನಾನು. ನೀನು ಅದನ್ನು ಆ ಮುದಿ ಪೆಟ್ಟಿಗೆಯ ಕೊರಳಿಗೆ ಕಟ್ಟಿ ಹೋಗಿದ್ದೀ ಅಂತ ಯಾರಿಗೆ ಕನಸು ಬಿದ್ದಿತ್ತು? ಮುಟ್ಟಬೇಡಿ ಅಂತ ಬರೆಯಲು ಬಂದ ಕೈಗೆ, ಯಾಕೆ ಮುಟ್ಟಬಾರದು ಅಂತ ಬರೆಯಲು ಏನು ಲಕ್ವ ಹೊಡೆದಿತ್ತಾ? ಅವನು ಪೆದ್ದ, ಒಪ್ಪಿದೆ. ನೀನೇನು ಕಡಿಮೆ? ಚೀಟಿ ಅಂಟಿಸಿದರೆ ಲೋಕವೆಲ್ಲ ಕೈಕಟ್ಟಿ ನಿಲ್ಲುತ್ತದೆ ಅಂದುಕೊಂಡ ಜಂಬದ ಕೋಳಿ.

ಹೊಸ ಸ್ವಿಚ್ಚು ಹಾಕಿ ಟಿವಿ ಹಚ್ಚಿದಾಗ ಚಿತ್ರ ಬಂತು, ಸುಳ್ಳು ಯಾಕೆ ಹೇಳಲಿ, ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬಂತು. ಮಗುವಿನ ರೆಪ್ಪೆಯ ಕೂದಲು ಕೂಡ ಕಾಣುತ್ತಿತ್ತು. ಅಳಿಯದೇವರು ಕೋಣೆ ಕೋಣೆಗೆ ಹೋಗಿ ಎಲ್ಲ ತಾಯಂದಿರ ಹತ್ತಿರ ಹೊಗಳಿಸಿಕೊಳ್ಳುತ್ತಿದ್ದ. ನಾನು ನಮ್ಮ ಹುಡುಗಿಯ ತಲೆ ಬಾಚುತ್ತಾ ಕೂತಿದ್ದೆ. ಜಡೆ ಅರ್ಧ ಆಗಿತ್ತು. ‘ಅಮ್ಮಾ, ಅವಳು ಅಲ್ಲಾಡ್ತಿಲ್ಲ’ ಅಂದಳು. ನೋಡಿದರೆ ಮಗು ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ ಇದೆ, ಬಾಯಿ ತೆರೆದದ್ದು ತೆರೆದ ಹಾಗೇ. ಎದೆ ಏಳುತ್ತಿಲ್ಲ, ಇಳಿಯುತ್ತಿಲ್ಲ. ತಂತಿ ತೊಂದರೆ ಇರಬೇಕು ಕಣೇ ಅಂತ ನಾನು ಬಾಯಿ ಬಿಡುವಷ್ಟರಲ್ಲಿ ಅವಳು ಕೈಗೆ ಚುಚ್ಚಿದ್ದ ಸೂಜಿ ಕಿತ್ತು, ಹೊಟ್ಟೆ ಹಿಡಿದುಕೊಂಡು ಬಾಗಿಲು ದಾಟಿದ್ದಳು. ಮೆಟ್ಟಿಲ ಮೇಲೆ ಅವಳೊಬ್ಬಳೇ ಅಲ್ಲ. ಒಂದೊಂದು ಕೋಣೆಯಲ್ಲೂ ಒಂದೊಂದು ಮಗು ಹಾಗೇ ನಿಂತಿತ್ತು, ಒಬ್ಬೊಬ್ಬ ತಾಯಿಯೂ ಹಾಗೇ ಎದ್ದು ಬಂದಿದ್ದಳು. ಆ ಮೆಟ್ಟಿಲ ಮೇಲೆ ಎದ್ದ ದನಿಯನ್ನು ನಾನು ಬರೆಯಲಾರೆ. ಕೆಳಗೆ ಓಡಿ ಗಾಜಿಗೆ ಮುಖ ಹಚ್ಚಿದರೆ ನಮ್ಮ ಪುಟ್ಟ ದೆವ್ವ ಬಿಕ್ಕಳಿಸುತ್ತಾ, ಒದೆಯುತ್ತಾ ಆರಾಮಾಗಿ ಬಿದ್ದುಕೊಂಡಿದೆ. ನಮ್ಮ ಹುಡುಗಿಯ ಒಂದು ಹೊಲಿಗೆ ಬಿಚ್ಚಿತ್ತು, ಮತ್ತೆ ಹಾಕಿದರು. ಹಿರಿಯ ದಾದಿ ನನ್ನ ಕಡೆ ತಿರುಗಿ, ‘ನಿಮ್ಮವರ ಟಿವಿ ಸಾಕಮ್ಮ, ನಮಗೊಂದು ಕಿಟಕಿ ಒಡೆದುಕೊಡಿ’ ಅಂದಳು. 

ಅಳಿಯನ ಬುದ್ಧಿಗೆ ಅದಕ್ಕೂ ಒಂದು ಔಷಧಿ ಹೊಳೆಯಿತು. ಕೇಳಿಸಿಕೊಂಡರೆ ತಾನೇ ಮರೆಯುವುದು ಅಂತ ಸ್ವಿಚ್ಚಿನ ಕಿವಿಯನ್ನೇ ಮುಚ್ಚಿಸಿದ! ಯಾರಿಗೆ ಯಾವುದು ಬೇಕು ಅಂತ ಕೇಳಿಸದ ಸ್ವಿಚ್ಚು ಎಲ್ಲ ಕ್ಯಾಮೆರಾದ ಚಿತ್ರವನ್ನೂ ಎಲ್ಲ ತಂತಿಗೂ ನುಗ್ಗಿಸಿತು. ಊಟದ ಮನೆಯ ಬಿಲ್ ಮಷೀನಿಗೂ ನಮ್ಮ ಮಗುವಿನ ಒದೆತ ತಲುಪಿರಬೇಕು, ಅದು ಬಿಲ್ ಕೊಡುವುದನ್ನೇ ನಿಲ್ಲಿಸಿತು. ದಾದಿಯರ ಜೇಬಿನ ಫೋನುಗಳು ಉಸಿರುಗಟ್ಟಿ ಸತ್ತವು. ಎದುರಿಗೆ ನಿಂತು ‘ಈಗ ಟಿವಿ ನಿಲ್ಲಲಿಲ್ಲ ನೋಡಿ ಅತ್ತೆ’ ಅಂತಾನೆ. ನನಗೆ ಬಂದ ಕೋಪಕ್ಕೆ ಬಾಚಣಿಗೆ ಅವನ ಮೇಲೆ ಎಸೆಯುವುದೊಂದು ಬಾಕಿ. ಆಸ್ಪತ್ರೆಯವರು ಬಂದು ಟಿವಿಯನ್ನೆಲ್ಲ ಆರಿಸಿ ಹೋದರು.

ಆಮೇಲೆ ಅವನು ಸ್ವಿಚ್ಚಿನ ಕಿವಿ ಮತ್ತೆ ತೆರೆಸಿ, ಹೆಂಡತಿಯ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತ. ಅವರ ಕೋಣೆಯ ಟಿವಿ ಒಂದನ್ನೇ ಹಚ್ಚುವುದು, ಚಿತ್ರ ನಿಲ್ಲುವವರೆಗೂ ಕಾಯುವುದು, ಆರಿಸುವುದು, ಮತ್ತೆ ಹಚ್ಚುವುದು. ಹಚ್ಚಿದಾಗೆಲ್ಲ ಬರುತ್ತಿತ್ತು, ಅಷ್ಟೇ ಹೊತ್ತಿಗೆ ನಿಲ್ಲುತ್ತಿತ್ತು. ಎಷ್ಟೋ ಸಲ ಆದ ಮೇಲೆ ಎದ್ದು ಅಂಗಡಿಗೆ ಹೋಗಿ ಗುಜರಿ ಬುಟ್ಟಿಯಿಂದ ನಿನ್ನ ಪೆಟ್ಟಿಗೆ ತೆಗೆದು, ಅಂಗಿಯ ತೋಳಿನಲ್ಲಿ ಒರೆಸಿಕೊಂಡು ತಂದ. ‘ಅತ್ತೆ, ಇದು ಕೇಳ್ತಿತ್ತು. ಇದೊಂದೇ ಕೇಳ್ತಿತ್ತು’ ಅಂದ. ಮತ್ತೆ ಮೂಲೆಯಲ್ಲಿಟ್ಟು ತಂತಿ ಸಿಕ್ಕಿಸಿದ, ಚಿತ್ರ ನಿಂತಿಲ್ಲ ಇವತ್ತಿನವರೆಗೂ. ಅವನನ್ನು ಹೊಗಳು ಅಂತ ಇದನ್ನು ಬರೆಯುತ್ತಿಲ್ಲ. ಕಿತ್ತವನೇ ತಂದು ಇಟ್ಟ, ಅದರಲ್ಲೇನು ದೊಡ್ಡಸ್ತಿಕೆ? ಇಸ್ತ್ರಿ ಅಂಗಿಯ ತೋಳು ಹಾಳಾಯಿತು, ಅದೊಂದು ಸಮಾಧಾನ ನನಗೆ.

ಮಗು ತೂಕ ಹಾಕಿಕೊಳ್ಳುತ್ತಿದೆ. ಇನ್ನೂ ಕೆಲವು ವಾರ ಗಾಜಿನೊಳಗೇ ಇರಬೇಕಂತೆ. ನಮ್ಮ ಹುಡುಗಿ ನಿನ್ನನ್ನು ನೆನೆಸಿಕೊಂಡಳು, ಮಾವ ಇದ್ದಿದ್ದರೆ ಅಂತ ಶುರು ಮಾಡಿ ಗಂಡನ ಮುಖ ನೋಡಿ ಮಾತನ್ನು ಮಗುವಿನ ಕಡೆ ತಿರುಗಿಸಿದಳು. ನಿನ್ನ ಹೆಂಡತಿಗೆ ನನ್ನ ಪ್ರೀತಿ, ಮಕ್ಕಳ ಕೆನ್ನೆಗೆ ಮುತ್ತು. ನಿನಗೂ ಒಳ್ಳೆಯದಾಗಲಿ, ಬೈದೆ ಅಂತ ಬಿಡಲಾಗುತ್ತದೆಯೇ.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಒಡೆದೆ. ಬರೆಯಬೇಕಾದದ್ದೇ ಉಳಿದುಹೋಯಿತು. ನಿನ್ನ ಪೆಟ್ಟಿಗೆಯ ಫ್ಯಾನು ಕರಕರ ಅನ್ನುತ್ತಿದೆ, ಹೆಚ್ಚು ದಿನ ಬಾಳುವ ಹಾಗೆ ಕಾಣುವುದಿಲ್ಲ. ಕೇಳುವ ಕೆಲಸವನ್ನು ಹೊಸ ಸ್ವಿಚ್ಚಿಗೇ ಒಪ್ಪಿಸಬಹುದು, ಎರಡು ಸಾಲು ಹೊಡೆದರೆ ಮುಗಿಯಿತು, ನನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಅವನು ಕೀಬೋರ್ಡ್ ಮುಟ್ಟುತ್ತಿಲ್ಲ.  ನಾನು ಹೊಡೆಯುತ್ತೇನೆ ಬಿಡು ಅಂದರೆ ‘ಬೇಡ ಅತ್ತೆ, ಯಾರೂ ಮುಟ್ಟೋದು ಬೇಡ’ ಅಂತ ಕಪಾಟಿಗೆ ಬೆನ್ನು ಕೊಟ್ಟು ಕೂತಿದ್ದಾನೆ. ಊಟಕ್ಕೂ ಏಳುವುದಿಲ್ಲ. ಅವನಿಗೆ ಈಗ ಚೆನ್ನಾಗಿ ಬೈಯುವವರು ಬೇಕು. ಇಲ್ಲಿ ಬರೆದದ್ದರಲ್ಲಿ ಒಂದು ಮಾತನ್ನೂ ಎದುರಿಗೆ ಆಡಲು ನನ್ನಿಂದ ಆಗಲಿಲ್ಲ, ಆ ಮುಖ ನೋಡಿದರೆ ಬಾಯಿ ಬರುವುದಿಲ್ಲ. ನೀನು ಬಂದು ಬೈ. ಕೇಳುವವರಿಗೆಲ್ಲ ಕೇಳುವ ಹಾಗೆ ಬೈದು, ಪಕ್ಕದಲ್ಲಿ ಕೂರಿಸಿಕೊಂಡು ಆ ಎರಡು ಸಾಲು ಅವನ ಕೈಯಿಂದಲೇ ಹೊಡೆಸು. ಬೀಗದಕೈ ನೀನು ಎಸೆದಲ್ಲೇ ಇದೆ. ಯಾವ ಬಸ್ಸಿಗೆ ಬರುತ್ತೀ ಅಂತ ಬೇಗ ಬರೆ.