ನಡುಕ ಹುಟ್ಟುವ ಜಾಗ

ಜನ್ನಾಪುರ, ಭದ್ರಾವತಿ
೨-೪-೧೯೬೧

ಗುರುಗಳಾದ ಜಗದಾಂಬಾ ಅಮ್ಮನವರಿಗೆ ನಮಸ್ಕಾರಗಳು.

ಹೋದ ವರ್ಷ ನಾನು ಅಳುತ್ತಾ ಎದ್ದುಬಂದ ವೇದಿಕೆಯಲ್ಲೇ ನಿನ್ನೆ ವೀಣೆ ನುಡಿಸಿದೆ. ಈ ಸಲವೂ ಬೆರಳು ನಡುಗಿತು. ನೀವು ಹೇಳಿಕೊಟ್ಟಂತೆ ಕಣ್ಣು ಮುಚ್ಚಿ, ಉಸಿರನ್ನು ಗಮನಿಸುತ್ತಾ, ನಡುಕ ಎಲ್ಲಿ ಹುಟ್ಟುತ್ತದೆಂದು ಹುಡುಕಿದೆ. ಬೆರಳಲ್ಲಿ ಅಲ್ಲವೇ ಅಲ್ಲ, ಹೊಟ್ಟೆಯಲ್ಲಿ! ಅಲ್ಲಿಂದ ತೋಳಿಗೆ ಹರಿಯುವುದನ್ನು ನೋಡುತ್ತಾ ಹೆದರುವುದೇ ಮರೆತುಹೋಯಿತು. ಕೊನೆಯವರೆಗೂ ನುಡಿಸಿದೆ.

ಮನೆಗೆ ಬಂದಮೇಲೆ ಅಮ್ಮ, "ನಿಮ್ಮ ಗುರುಗಳೂ ಚಿಕ್ಕೋರಿದ್ದಾಗ ಹೋದ್ವರ್ಷ ನೀನು ಬಂದ ಹಾಗೇ ವೇದಿಕೆಯಿಂದ ಎದ್ದು ಬಂದಿದ್ರು ಕಣೆ. ಆಮೇಲೆ ಜನರ ಮುಂದೆ ನುಡಿಸ್ಲೇ ಇಲ್ಲ" ಎಂದಳು. ಹಾಗಾದರೆ ಈ ಉಪಾಯವನ್ನು ನೀವು ಯಾವಾಗ ಕಂಡುಕೊಂಡಿರಿ? ಕೇಳಿದ್ದು ತಪ್ಪಾದರೆ ಕ್ಷಮಿಸಿ.

ಬಸವ ಜಯಂತಿಗೆ ಮತ್ತೆ ನುಡಿಸಬೇಕಂತೆ. ಎರಡು ವೀಣೆಗೆ ಜಾಗ ಬಿಡಲು ಹೇಳಿದ್ದೇನೆ. ಶಿವಮೊಗ್ಗದಿಂದ ನಿಮ್ಮನ್ನೂ ವೀಣೆಯನ್ನೂ ಕರೆತರಲು ಅಪ್ಪ ಬರುತ್ತಾರೆ.

ನಿಮ್ಮ ಶಿಷ್ಯೆ,
ದಾಕ್ಷಾಯಣಿ