ಮೂವತ್ತೊಂದನೇ ತಾರೀಖಿನ ರಜೆ

೧೯ನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಸೂಜಿ,

ಹೇಗಿದ್ದೀಯೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯೆ. ಬೈಯಿ. ನರ್ಸಿಂಗ್ ಹಾಸ್ಟೆಲಿನಲ್ಲಿ ನನ್ನ ತೋಳಿಗೇ ಚುಚ್ಚಿ ಚುಚ್ಚಿ ಇಂಜೆಕ್ಷನ್ ಕಲಿತವಳು ನೀನು, ನಿನ್ನ ಬೈಗುಳ ನನಗೆ ಯಾವ ಲೆಕ್ಕ? ಬರೆಯಲು ಕೂತು ಎರಡು ಸಲ ಹಾಳೆ ಹರಿದುಹಾಕಿದೆ. ಹೆದರಿದ್ದೇನೆ ಕಣೇ. ಯಾರಾದರೂ ಬಾಗಿಲು ಬಡಿದರೆ ಜೀವ ಬಾಯಿಗೆ ಬರುತ್ತದೆ.

ನಾನು ಮನೆಯಲ್ಲಿದ್ದು ನೋಡಿಕೊಳ್ಳುತ್ತಿದ್ದ ಬಟ್ಟೆ ಗಿರಣಿ ಯಜಮಾನರು ತೀರಿಕೊಂಡರು. ಒಂದನೇ ತಾರೀಖಿನಿಂದ ಹೊಸ ಕಾನೂನು ಬಂದದ್ದು ನಿನಗೂ ಗೊತ್ತಲ್ಲ: ಅಂದಿನಿಂದ ಯಾವ ದೊಡ್ಡ ಶ್ರೀಮಂತ ಸತ್ತರೂ ಆಸ್ತಿಯಲ್ಲಿ ಮೂರನೇ ಒಂದು ಪಾಲು ಸರ್ಕಾರಕ್ಕೆ. ಇವರು ಹೋದದ್ದು ಅದರ ಹಿಂದಿನ ದಿನ, ಮೂವತ್ತೊಂದಕ್ಕೆ.

ಆ ಸುದ್ದಿಯನ್ನು ಮುದುಕರು ನನ್ನಿಂದಲೇ ಓದಿಸಿಕೊಂಡು ನಕ್ಕಿದ್ದರು. "ತಗೊಳ್ಳಲಿ ಬಿಡಮ್ಮ. ಅಷ್ಟು ಬಟ್ಟೆ ನಾನೊಬ್ಬನೇ ನೇಯ್ದ್ನಾ? ಸಾವಿರ ಜನ ನೇಯ್ದ್ರು, ನಾನು ಮಡಚಿಟ್ಕೊಂಡೆ ಅಷ್ಟೆ." ನಿನ್ನ ಸರ್ಕಾರಿ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ರೋಗಿಗಳು ಎಂದು ಹೇಳಿದೆ. "ಹಾಗಾದ್ರೆ ಒಂದನೇ ತಾರೀಖು ದಾಟಿಸ್ಕೊಂಡೇ ಸಾಯ್ತೀನಿ. ನಿನ್ನ ಗೆಳತಿಗೆ ನಾಕು ಮಂಚ ಆಗ್ಲಿ" ಎಂದರು. ಅವರ ಮಗ ಬಾಗಿಲಲ್ಲೇ ನಿಂತಿದ್ದ.

ಅಲ್ಲಿಂದ ಆ ಮನೆಯಲ್ಲಿ ಯಾರೂ ಯಜಮಾನರ ಜ್ವರ ಎಷ್ಟು ಎಂದು ಕೇಳಲಿಲ್ಲ, ತಾರೀಖು ಎಷ್ಟು ಎಂದು ಕೇಳತೊಡಗಿದರು. ಸೊಸೆ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು, "ಸಿಸ್ಟರ್, ಇನ್ನೆಷ್ಟು ದಿನ ಅನ್ಸುತ್ತೆ?" ಎಂದಳು. "ಆಕ್ಸಿಜನ್ ಇದ್ರೆ ಇನ್ನೂ ಎರಡು ತಿಂಗಳಿಗೆ ಮೋಸ ಇಲ್ಲ" ಎಂದೆ, ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದುಕೊಂಡು. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಮೂವತ್ತೊಂದರ ಬೆಳಿಗ್ಗೆ ಮಗ ಕೋಣೆಗೆ ಬಂದ. ನಾಲ್ಕು ವರ್ಷದಲ್ಲಿ ಒಂದು ಲೋಟ ನೀರು ಬೇಕೇ ಎಂದು ಕೇಳದವನು, "ಸಿಸ್ಟರ್, ಮಗಳನ್ನ ನೋಡಿ ಎಷ್ಟು ದಿನ ಆಯ್ತು? ಹೋಗ್ಬನ್ನಿ. ಕಾರು ಬಿಟ್ಟು ಬರುತ್ತೆ. ಅಪ್ಪನ್ನ ನಾನು ನೋಡ್ಕೋತೀನಿ" ಎಂದ. ಕೊನೆಗಾದರೂ ಇವನಿಗೆ ಅಪ್ಪ ಕಂಡರಲ್ಲ ಎಂದು ಖುಷಿಯಿಂದಲೇ ಹೋದೆ. ಮಗಳ ಪಿಯುಸಿ ಹಾಸ್ಟೆಲಿನಲ್ಲಿ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರೆ, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ಅಳೆಯುವ, ಆ ಮನೆಯಲ್ಲಿದ್ದ ಒಂದೇ ಕ್ಲಿಪ್ಪು! ನಮ್ಮ ಚಾಳಿ ಗೊತ್ತಲ್ಲ, ಡ್ಯೂಟಿ ಮುಗಿಸಿ ಹೊರಟರೆ ಅರ್ಧ ವಾರ್ಡು ನಮ್ಮ ಜೇಬಿನಲ್ಲಿರುತ್ತದೆ.

ನಾಲ್ಕು ಗಂಟೆಗೆ ಹಿಂದಿರುಗಿದಾಗ ಎಲ್ಲ ಮುಗಿದಿತ್ತು. ಮನೆಯ ಡಾಕ್ಟರು ಸರ್ಟಿಫಿಕೇಟು ಬರೆದು ಹೊರಡುತ್ತಿದ್ದರು. ಬೆಳಿಗ್ಗೆ ಹೊರಡುವ ಮೊದಲು ನಾನೇ ಹೊಸ ಆಕ್ಸಿಜನ್ ಸಿಲಿಂಡರು ಜೋಡಿಸಿದ್ದೆ. ಈಗ ಅದರ ತಿರುಪು ಮುಚ್ಚಿತ್ತು, ಮೀಟರಿನ ಮುಳ್ಳು ಇನ್ನೂ 'ತುಂಬಿದೆ' ಎಂಬ ಗುರುತಿನಲ್ಲೇ ಇತ್ತು. ಮಂಚದ ತುದಿಯ ಚಾರ್ಟಿನಲ್ಲಿ ಎರಡು ಗಂಟೆಗೊಮ್ಮೆ ಆಕ್ಸಿಜನ್ ಮಟ್ಟ ಬರೆದಿದ್ದರು: ತೊಂಬತ್ತೈದು, ತೊಂಬತ್ತನಾಲ್ಕು, ತೊಂಬತ್ತೈದು. ಮಗನ ದುಂಡು ಅಕ್ಷರ. ಅಳೆಯುವ ಕ್ಲಿಪ್ಪು ನನ್ನ ಜೇಬಿನಲ್ಲಿದ್ದರೆ ಇವನು ಯಾವುದರಿಂದ ಅಳೆದ, ಹೇಳು?

"ಇಲ್ಲೊಂದು ಸೈನ್ ಮಾಡಿ ಸಿಸ್ಟರ್. ಇಡೀ ದಿನ ನೀವೇ ಇದ್ರಿ" ಎಂದ. ಕೇಳಲಿಲ್ಲ, ಹೇಳಿದ. ಅವನ ಮುಖ ನೋಡಿದೆ. ಸೈನ್ ಹಾಕಿಬಿಟ್ಟೆ.

ನಿನ್ನೆ ತೆರಿಗೆ ಅಧಿಕಾರಿಣಿ ನನ್ನ ಬಾಡಿಗೆ ಕೋಣೆಗೇ ಬಂದಿದ್ದರು. ಮೂವತ್ತೊಂದು ಒಂದೇ ದಿನ ಯಜಮಾನರ ಬೀದಿಯ ದೊಡ್ಡ ಮನೆಗಳಲ್ಲಿ ಮೂರು ಸಾವಂತೆ. "ತಾರೀಖು ನೋಡ್ಕೊಂಡು ಸಾಯೋ ಅನುಕೂಲ ಬಡವರಿಗೆ ಎಲ್ಲಿದೆ, ಅಲ್ವಾ ಸಿಸ್ಟರ್?" ಎಂದು ಚಾರ್ಟಿನಲ್ಲಿದ್ದ ನನ್ನ ಸೈನ್ ತೋರಿಸಿದರು. ನಾಳೆ ಅವರ ಕಚೇರಿಗೆ ಹೋಗಿ ಹೇಳಿಕೆ ಕೊಡಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೈಲು. ನಿಜ ಹೇಳಿದರೆ, ಸ್ವಂತ ಅಪ್ಪನನ್ನೇ ಬಿಡದವನು ನನ್ನನ್ನು ಬಿಡುತ್ತಾನೆಯೇ? ಇವತ್ತು ಬೆಳಿಗ್ಗೆಯಿಂದ ಯಜಮಾನರ ಮನೆಯ ಕಾರು ಎರಡು ಸಲ ನಮ್ಮ ಗಲ್ಲಿಗೆ ಬಂದು ನಿಂತಿತು, ಯಾರೂ ಇಳಿಯಲಿಲ್ಲ. ಅತ್ತ ದರಿ, ಇತ್ತ ಪುಲಿ ಎನ್ನುವ ಹಾಗಾಗಿದೆ ನನ್ನ ಪಾಡು.

ನಿನ್ನ ಮೊಮ್ಮಗುವಿಗೆ ಒಂದು ಮುತ್ತು. ನಿನ್ನ ವಾರ್ಡಿನವರೆಲ್ಲ ಎದ್ದು ನಡೆದುಕೊಂಡು ಮನೆ ಸೇರಲಿ. ನೀನು ನೂರು ಕಾಲ ಚೆನ್ನಾಗಿರು.

ನಿನ್ನ
ಗುಂಡು

ತಾ.ಕ.: ಖುಷಿಯಿಂದ ಹೋದೆ ಎಂದು ಬರೆದೆನಲ್ಲ, ಅದು ಸುಳ್ಳು. ಮಗ ಇನ್ನೊಂದು ಮಾತು ಹೇಳಿದ್ದ: "ಮಗಳ ನರ್ಸಿಂಗ್ ಸೀಟಿನ ಚಿಂತೆ ನನಗೆ ಬಿಡಿ." ಆ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು. ಯಜಮಾನರಿಗೂ ಅರ್ಥವಾಗಿತ್ತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಇವತ್ತೊಂದಿನ ಹೋಗ್ಬೇಡಮ್ಮ" ಎಂದರು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೋದೆ. ಅವನು ಮಾತು ಉಳಿಸಿಕೊಂಡ, ಮಗಳು ನರ್ಸಿಂಗ್ ಕಾಲೇಜಿಗೆ ಸೇರಿದ್ದಾಳೆ. ನಾಳೆ ನಿಜ ಹೇಳುವುದಾದರೆ ಇದನ್ನೂ ಹೇಳಬೇಕು, ಅವಳ ಕಿವಿಗೂ ಬೀಳುತ್ತದೆ. ಅದನ್ನು ನೆನೆದೇ ಹೆದರಿ ಸಾಯುತ್ತಿದ್ದೇನೆ ಕಣೇ.